15 ಗಂಟೆ ವಿಮಾನ, 7 ಗಂಟೆ ಕಾಯುವುದು: ಇಬ್ಬರೂ ಒಟ್ಟಿಗೆ ಎಚ್ಚರ ಇರಬೇಡಿ

ಪ್ರಶ್ನೆ: ಮೇಡಂ, ನಾವು ಐದು ಜನ ಹೊರಟಿದ್ದೇವೆ. ನಾನು, ನನ್ನ ಗಂಡ, 5 ವರ್ಷದ ಮಗ, 14 ತಿಂಗಳ ಮಗಳು, ಜೊತೆಗೆ 68 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು. ಎಲ್ಲರದ್ದೂ ಎಕಾನಮಿ ಟಿಕೆಟ್. ಮೊದಲ ವಿಮಾನ 15 ಗಂಟೆ. ರಾತ್ರಿ 1ಕ್ಕೆ ಇಳಿದು ಅಲ್ಲೇ 7 ಗಂಟೆ ಕಾಯಬೇಕು. ಆಮೇಲೆ ಇನ್ನೊಂದು 4 ಗಂಟೆಯ ವಿಮಾನ. ನೆನೆಸಿಕೊಂಡರೇ ಕೈಕಾಲು ತಣ್ಣಗಾಗುತ್ತದೆ. ಮಕ್ಕಳನ್ನು ಅಷ್ಟು ಹೊತ್ತು ಹೇಗೆ ಸುಮ್ಮನಿರಿಸುವುದು? ನಿದ್ದೆ ಬರುವ ಔಷಧಿ ಕೊಡಬಹುದಾ? ಅಕ್ಕಪಕ್ಕದ ಪ್ರಯಾಣಿಕರಿಗೆ ಮೊದಲೇ ಚಾಕೊಲೇಟ್ ಕೊಟ್ಟು ಕ್ಷಮೆ ಕೇಳಬೇಕಾ?

ಉತ್ತರ: ನಾನು 11 ವರ್ಷ ಉದ್ದದ ಮಾರ್ಗಗಳಲ್ಲಿ ಗಗನಸಖಿಯಾಗಿ ಕೆಲಸ ಮಾಡಿದವಳು. ಆ ಕೆಲಸ ಬಿಟ್ಟ ಮೇಲೆ ನನ್ನದೇ ಎರಡು ಮಕ್ಕಳನ್ನು ಕಟ್ಟಿಕೊಂಡು ಎಕಾನಮಿಯಲ್ಲಿ ಓಡಾಡಿದ್ದೇನೆ. ಎರಡನೆಯದೇ ಕಷ್ಟ, ಅನುಮಾನವೇ ಬೇಡ. ಸಮವಸ್ತ್ರದಲ್ಲಿದ್ದಾಗ ಅಳುವ ಮಗುವಿನ ತಾಯಿಗೆ ನಗುನಗುತ್ತಾ ಸಲಹೆ ಕೊಡುತ್ತಿದ್ದೆ. ಈಗ ಆ ತಾಯಂದಿರನ್ನೆಲ್ಲ ಹುಡುಕಿ ಸಾರಿ ಕೇಳೋಣ ಅನ್ನಿಸುತ್ತದೆ.

ನೀವು ಕೇಳಿರುವುದು ಮಕ್ಕಳನ್ನು ಹೇಗೆ ಸುಮ್ಮನಿರಿಸುವುದು ಅಂತ. ನಾನು ಮೊದಲು ನಿಮ್ಮಿಬ್ಬರ ನಿದ್ದೆಯ ಬಗ್ಗೆ ಹೇಳುತ್ತೇನೆ, ಯಾಕಂದರೆ ಇಂಥ ಪ್ರಯಾಣ ಕೆಡುವುದು ಮಕ್ಕಳ ಅಳುವಿನಿಂದ ಅಲ್ಲ. ದೊಡ್ಡವರು ಇಬ್ಬರೂ ಒಟ್ಟಿಗೆ ಸುಸ್ತಾಗುವುದರಿಂದ. ಮಗು ಅಳುತ್ತದೆ, ಗಂಡ ಹೆಂಡತಿ ಇಬ್ಬರೂ ಎದ್ದು ಕೂರುತ್ತಾರೆ. ಒಬ್ಬರು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಬಾಟಲಿ ಹುಡುಕುತ್ತಾರೆ. ನೋಡಲು ಚೆಂದ. ಆದರೆ ಹತ್ತನೇ ಗಂಟೆಗೆ ಇಬ್ಬರ ಕಣ್ಣೂ ಕೆಂಪಗಾಗಿರುತ್ತವೆ, ಇಬ್ಬರೂ ಒಬ್ಬರ ಮೇಲೊಬ್ಬರು ರೇಗುತ್ತಿರುತ್ತಾರೆ, ಇನ್ನೂ ಐದು ಗಂಟೆ ಬಾಕಿ.

ನಮಗೂ ಹೀಗೇ ಆಯಿತು. ಮೊದಲ ಸಲ ಮಕ್ಕಳ ಜೊತೆ ಹೋದಾಗ ನಾನು ನನ್ನ ಗಂಡ ಇಬ್ಬರೂ 13 ಗಂಟೆ ಕಣ್ಣು ಮುಚ್ಚಲಿಲ್ಲ. ಟ್ರಾನ್ಸಿಟ್ ನಿಲ್ದಾಣದಲ್ಲಿ, ಅಂದರೆ ನಡುವೆ ವಿಮಾನ ಬದಲಿಸುವ ಕಡೆ, ಭದ್ರತಾ ತಪಾಸಣೆ ಮುಗಿಸಿ, ಮಕ್ಕಳ ಶೂ ಹಾಕಿ, ಗಾಡಿ ಬಿಚ್ಚಿ, ಅರ್ಧ ಕಿಲೋಮೀಟರ್ ನಡೆದು, ಒಂದು ಕಡೆ ಕೂತ ಮೇಲೆ ನೋಡಿದರೆ ಪಾಸ್‌ಪೋರ್ಟ್‌ಗಳಿದ್ದ ಚೀಲವೇ ಇಲ್ಲ. ತಪಾಸಣೆಯ ಟ್ರೇನಲ್ಲೇ ಬಿಟ್ಟು ಬಂದಿದ್ದೆವು. ನಾನು ತಗೊಂಡೆ ಅಂತ ಅವರು, ಅವರು ತಗೊಂಡರು ಅಂತ ನಾನು. ಚೀಲ ಅಲ್ಲೇ ಇತ್ತು, ಸಿಕ್ಕಿತು. ಆದರೆ ವಾಪಸ್ ಓಡಿದ ಆ ಅರ್ಧ ಕಿಲೋಮೀಟರ್ ಇವತ್ತಿಗೂ ಕನಸಲ್ಲಿ ಬರುತ್ತದೆ.

ಅದಾದ ಮೇಲೆ ನಾವು ವಿಮಾನದ ಸಿಬ್ಬಂದಿ ಮಾಡುವುದನ್ನೇ ಮಾಡಿದೆವು. ಪಾಳಿ. ಉದ್ದದ ವಿಮಾನಗಳಲ್ಲಿ ಸಿಬ್ಬಂದಿ ಎಲ್ಲರೂ ಪೂರ್ತಿ ಹೊತ್ತು ಎಚ್ಚರ ಇರುವುದಿಲ್ಲ. ಪ್ರಯಾಣಿಕರಿಗೆ ಕಾಣದ ಜಾಗದಲ್ಲಿ ಸಣ್ಣ ಬಂಕ್‌ಗಳಿರುತ್ತವೆ, ಸರದಿಯಲ್ಲಿ ಹೋಗಿ ಮಲಗುತ್ತಾರೆ. ನಿಮಗೆ ಬಂಕ್ ಇಲ್ಲ, ಸರದಿಯನ್ನಂತೂ ಮಾಡಬಹುದಲ್ವಾ.

ನಿಮ್ಮ 15 ಗಂಟೆಗೆ ಲೆಕ್ಕ ಹೀಗೆ. ಮೊದಲ ಎರಡು ಗಂಟೆ ಹೇಗೂ ಎಲ್ಲರೂ ಎಚ್ಚರ. ಹತ್ತುವುದು, ಮೇಲೇರುವುದು, ಊಟ. ಕೊನೆಯ ಎರಡು ಗಂಟೆಯೂ ಹಾಗೆಯೇ. ನಡುವೆ ಉಳಿಯುವುದು 11 ಗಂಟೆ. ಮೊದಲ ಐದೂವರೆ ಗಂಟೆ ಒಬ್ಬರದ್ದು, ಮುಂದಿನ ಐದೂವರೆ ಇನ್ನೊಬ್ಬರದ್ದು. ಪಾಳಿಯಲ್ಲಿ ಇಲ್ಲದವರು ಕಣ್ಣಿಗೆ ಪಟ್ಟಿ, ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡು ಮಲಗಬೇಕು. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿಕೊಂಡಿರಬೇಕು. ಸಿನಿಮಾ ನೋಡಬಾರದು. ಎಚ್ಚರ ಇರುವವರು ಅವರನ್ನು ಎಬ್ಬಿಸಬಾರದು, ಮಗು ಎಷ್ಟೇ ಅತ್ತರೂ. ಇದೊಂದು ನಿಯಮ ಮುರಿದರೆ ಪಾಳಿ ಅನ್ನುವುದಕ್ಕೆ ಅರ್ಥವೇ ಇಲ್ಲ. ಹೊರಡುವ ಮೊದಲೇ ಮನೆಯಲ್ಲಿ ಕೂತು ಇದನ್ನು ಮಾತಾಡಿ ಮುಗಿಸಿ, ಮೇಲೆ ಹೋದ ಮೇಲೆ ಚರ್ಚೆ ಬೇಡ. ಅತ್ತೆಯವರನ್ನು ಪಾಳಿಗೆ ಸೇರಿಸಬೇಡಿ. ಮೊಮ್ಮಗನಿಗೆ ಕಥೆ ಹೇಳುತ್ತಾರೆ ಸರಿ, ಆದರೆ ಅವರು ನೋಡಿಕೊಳ್ಳುತ್ತಾರೆ ಅಂತ ನೀವಿಬ್ಬರೂ ಮಲಗಿದರೆ ಮಗು ಯಾವಾಗ ಸೀಟಿಂದ ಇಳಿದು ಅಡುಗೆ ಕಟ್ಟೆಯ ಕಡೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಮಕ್ಕಳನ್ನು ನಾನೇ ಎಷ್ಟೋ ಸಲ ಎತ್ತಿ ತಂದು ಕೊಟ್ಟಿದ್ದೇನೆ.

ಇನ್ನು ಸೀಟು. ಮಲಗುವವರು ಮಲಗಬೇಕು ಅಂದರೆ ಸೀಟು ಅದಕ್ಕೆ ತಕ್ಕ ಹಾಗೆ ಇರಬೇಕು. ಎಕಾನಮಿಯಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಇರುವ ಅಂತರ ಸಾಮಾನ್ಯವಾಗಿ 30ರಿಂದ 32 ಇಂಚು, ಸೀಟಿನ ಅಗಲ 17-18 ಇಂಚು. ಅದರಲ್ಲಿ ಏನೂ ಬದಲಾಯಿಸಲಾಗುವುದಿಲ್ಲ, ಯಾರ ಪಕ್ಕ ಯಾರು ಅನ್ನುವುದನ್ನು ಮಾತ್ರ ಬದಲಾಯಿಸಬಹುದು. 14 ತಿಂಗಳ ಮಗು ಮಡಿಲಲ್ಲಿ ಕೂರುತ್ತದೆ, ಹಾಗಾಗಿ ನಿಮಗೆ ನಾಲ್ಕು ಸೀಟು. ಬೋಯಿಂಗ್ 777ರಲ್ಲಿ ಹೆಚ್ಚಿನ ಕಡೆ ಸಾಲು 3-4-3 ಇರುತ್ತದೆ. ನಡುವಿನ ನಾಲ್ಕನ್ನೇ ಹಿಡಿಯಿರಿ. ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ಪಾಳಿಯಲ್ಲಿರುವವರು ಮಗುವಿನ ಜೊತೆ, ಅವರ ಪಕ್ಕ ಮಗ, ಅತ್ತೆಯ ಪಕ್ಕ ಮಲಗುವವರು. ಪಾಳಿ ಬದಲಾದಾಗ ನೀವಿಬ್ಬರೂ ಜಾಗ ಬದಲಾಯಿಸಿಕೊಳ್ಳಿ. 787 ಅಥವಾ ಎ350 ಆದರೆ ಹೆಚ್ಚಾಗಿ 3-3-3. ಆಗ ನಡುವಿನ ಮೂರು, ಮತ್ತೆ ಓಡಾಡುವ ದಾರಿಯ ಆಚೆಗಿನ ಒಂದು ಸೀಟು. ಆಚೆಗಿನದು ಮಲಗುವವರಿಗೆ. ಕಿಟಕಿ ಪಕ್ಕ ಕೂರುವ ಆಸೆ ಮಗನಿಗಿರುತ್ತದೆ, ಅದನ್ನು 4 ಗಂಟೆಯ ಎರಡನೇ ವಿಮಾನಕ್ಕೆ ಇಟ್ಟುಕೊಳ್ಳಿ.

ಮಗುವಿನ ತೊಟ್ಟಿಲು, ಅಂದರೆ ಬ್ಯಾಸಿನೆಟ್ ಕೇಳಬೇಕಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲು ಮಗುವಿನ ತೂಕ ನೋಡಿ. ವಿಮಾನ ಸಂಸ್ಥೆ ಬದಲಾದ ಹಾಗೆ ಮಿತಿ ಬದಲಾಗುತ್ತದೆ, ಬಹಳ ಕಡೆ 10-11 ಕಿಲೋ ಆಸುಪಾಸಿನಲ್ಲಿ ಇರುತ್ತದೆ, ಉದ್ದಕ್ಕೂ ಮಿತಿ ಇದೆ. 14 ತಿಂಗಳ ಮಗು ಅದರಲ್ಲಿ ಕಾಲು ಮಡಚಿ ಮಲಗಬೇಕಾಗಬಹುದು. ಅದಕ್ಕಿಂತ ಬೇಜಾರಿನ ವಿಷಯ, ವಿಮಾನ ಅಲುಗಾಡಿ ಸೀಟ್ ಬೆಲ್ಟ್ ದೀಪ ಹೊತ್ತಿಕೊಂಡ ಕೂಡಲೇ ಮಲಗಿದ ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಬೆಲ್ಟ್ ಕಟ್ಟಬೇಕು. ಬ್ಯಾಸಿನೆಟ್ ಇರುವ ಗೋಡೆ ಎದುರಿನ ಸಾಲಿನಲ್ಲಿ ಎರಡು ಸೀಟಿನ ನಡುವೆ ಕೈ ಇಡುವ ಹಿಡಿ ಹೆಚ್ಚಾಗಿ ಮೇಲೆತ್ತಲು ಬರುವುದಿಲ್ಲ, ಯಾಕಂದರೆ ಟಿವಿ, ಊಟದ ಹಲಗೆ ಎಲ್ಲ ಅದರೊಳಗೇ ಇರುತ್ತದೆ. ಹಾಗಾಗಿ ಮಗ ನಿಮ್ಮ ತೊಡೆ ಮೇಲೆ ಕಾಲು ಚಾಚಿ ಮಲಗುವಂತಿಲ್ಲ. ವಿಮಾನ ಮೇಲೇರುವಾಗ ಕೆಳಗಿಳಿಯುವಾಗ ಚೀಲ ಕಾಲಡಿ ಇಡುವಂತಿಲ್ಲ. ಪಕ್ಕದಲ್ಲೇ ಶೌಚಾಲಯ, ಅದರ ಬಾಗಿಲು ಬೆಳಕು. ಆರು ತಿಂಗಳ ಮಗು ಆಗಿದ್ದರೆ ಕಣ್ಣು ಮುಚ್ಚಿ ಬ್ಯಾಸಿನೆಟ್ ತಗೊಳ್ಳಿ ಅಂತಿದ್ದೆ. ನಿಮ್ಮ ವಿಷಯದಲ್ಲಿ ಬೇಡ ಅಂತಲೇ ನನ್ನ ಅಭಿಪ್ರಾಯ. ದುಡ್ಡು ಇದ್ದರೆ ಮಗುವಿಗೂ ಒಂದು ಸೀಟು ಕೊಳ್ಳಿ, ಅದು ಎಲ್ಲಕ್ಕಿಂತ ಸುರಕ್ಷಿತ. ಅದಕ್ಕೆ ವಿಮಾನದಲ್ಲಿ ಬಳಸಲು ಒಪ್ಪಿಗೆ ಇರುವ ಕಾರ್ ಸೀಟ್ ಬೇಕು. ಅಂದ ಹಾಗೆ, ಪ್ರವಾಸದ ನಡುವೆ ಮಗುವಿಗೆ ಎರಡು ವರ್ಷ ತುಂಬಿದರೆ ವಾಪಸ್ ಬರುವಾಗ ಸೀಟು ಕೊಳ್ಳಲೇಬೇಕು. ನಿಮಗೆ ಸದ್ಯ ಆ ಚಿಂತೆಯಿಲ್ಲ.

ಹತ್ತುವಾಗ ಮಕ್ಕಳಿರುವವರನ್ನು ಮೊದಲು ಕರೆಯುತ್ತಾರೆ. ಎಲ್ಲರೂ ಎದ್ದು ಓಡಬೇಡಿ. ಗಂಡ ಮತ್ತು ಅತ್ತೆ ಚೀಲಗಳ ಜೊತೆ ಮೊದಲು ಹೋಗಲಿ, ಮೇಲಿನ ಡಬ್ಬದಲ್ಲಿ ಜಾಗ ಹಿಡಿಯಲಿ, ಕಂಬಳಿ ದಿಂಬು ಎಲ್ಲ ಜೋಡಿಸಲಿ. ನೀವು ಮಕ್ಕಳನ್ನು ಗೇಟಿನ ಹತ್ತಿರ ಓಡಾಡಿಸಿ, ಡೈಪರ್ ಬದಲಿಸಿ, ಕೊನೆಯಲ್ಲಿ ಹತ್ತಿ. 15 ಗಂಟೆ ಕೂರುವ ಮಗುವನ್ನು ಇನ್ನೂ 40 ನಿಮಿಷ ಮುಂಚೆ ಕೂರಿಸುವುದು ಯಾಕೆ ಹೇಳಿ.

ಒಳಗೆ ಹೋದ ಮೇಲೆ ದೇಹಕ್ಕೆ ಏನಾಗುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ವಿಮಾನ 35-40 ಸಾವಿರ ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇದ್ದ ಹಾಗೆ ಇರುತ್ತದೆ. ಹಾಗಾಗಿ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ದೊಡ್ಡವರಿಗೆ ಹೊಟ್ಟೆ ಉಬ್ಬರ, ಮಗುವಿಗೆ ಅಳು. ಗ್ಯಾಸ್ ತುಂಬಿದ ತಂಪು ಪಾನೀಯ ಯಾರಿಗೂ ಬೇಡ, ಹೊಟ್ಟೆ ತುಂಬ ಊಟವೂ ಬೇಡ. ಒಳಗಿನ ಗಾಳಿಯ ತೇವ 10ರಿಂದ 20 ಪರ್ಸೆಂಟ್ ಅಷ್ಟೇ, ಮರುಭೂಮಿಯ ಹಾಗೆ. ಮೂಗು ಒಣಗುತ್ತದೆ, ಕಣ್ಣು ಉರಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕ ಹಾಕಿಕೊಳ್ಳಿ. ತುಟಿಗೆ ಮುಲಾಮು, ಮಗುವಿನ ಮೂಗಿಗೆ ಡಾಕ್ಟರ್ ಹೇಳಿದ ಸಲೈನ್ ಹನಿ. ನೀರನ್ನು ಒಮ್ಮೆಗೇ ಒಂದು ಬಾಟಲಿ ಕುಡಿಯುವುದಲ್ಲ, ಗುಟುಕು ಗುಟುಕಾಗಿ ಕುಡಿಯುತ್ತಾ ಇರಿ. ಶೌಚಾಲಯಕ್ಕೆ ಪದೇ ಪದೇ ಹೋಗಬೇಕಾಗುತ್ತದೆ ಅಂತ ಅತ್ತೆ ನೀರೇ ಕುಡಿಯುವುದಿಲ್ಲ, ಬೇಕಿದ್ದರೆ ಬರೆದುಕೊಡುತ್ತೇನೆ. ಎಲ್ಲ ಹಿರಿಯರೂ ಹೀಗೇ. ಅದು ತಪ್ಪು. ಎದ್ದು ಹೋಗಿ ಬರುವುದೇ ಅವರಿಗೆ ಒಳ್ಳೆಯದು.

ಯಾಕಂದರೆ ಉದ್ದದ ವಿಮಾನದಲ್ಲಿ ಹಿರಿಯರಿಗೆ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಕಾಲಿನ ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದರ ಬಗ್ಗೆ ಒಂದು ವರದಿ ಕೊಟ್ಟಿತು. ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ಅದರಲ್ಲಿತ್ತು. ಎರಡು ಪಟ್ಟು ಅಂದ ಕೂಡಲೇ ಹೆದರಬೇಡಿ, ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರು ಅನ್ನುವಷ್ಟು. ಆದರೆ ವಯಸ್ಸು, ತೂಕ, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದು, ಈಚೆಗೆ ಆಪರೇಷನ್ ಆಗಿದ್ದು, ಇವೆಲ್ಲ ಸೇರಿದರೆ ಜಾಸ್ತಿಯಾಗುತ್ತದೆ. ಆದ್ದರಿಂದ ಹೊರಡುವ ಮೊದಲು ಅತ್ತೆಯವರನ್ನು ಡಾಕ್ಟರ್ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ಬಿಗಿ ಕಾಲುಚೀಲ ಬೇಕಾ, ಯಾವ ಅಳತೆ ಅಂತ ಅವರೇ ಹೇಳಲಿ. ಸುಮ್ನೆ ಅಂಗಡಿಯಿಂದ ತಂದು ಹಾಕುವುದಲ್ಲ. ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರೋ ಹೇಳಿದರು ಅಂತ ಕೊಡಲೇಬೇಡಿ. ವಿಮಾನದಲ್ಲಿ ಎಚ್ಚರ ಇದ್ದಾಗ ಗಂಟೆಗೊಮ್ಮೆ ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲಿ, ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ತನಕ ನಡೆದು ಬರಲಿ. ತುದಿ ಸೀಟು ಅವರಿಗೇ ಅಂತ ಹೇಳಿದ್ದು ಇದಕ್ಕೇ. ಇಳಿದ ಮೇಲೆ, ಕೆಲವು ದಿನ ಕಳೆದ ಮೇಲೂ, ಒಂದೇ ಕಾಲು ಊದಿಕೊಂಡು ನೋವು ಬಂದರೆ ಅಥವಾ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ ಮಂಡಿನೋವು ಅಂತ ಕಡೆಗಣಿಸದೆ ಆಸ್ಪತ್ರೆಗೆ ಹೋಗಿ. ಎರಡೂ ಪಾದ ಸ್ವಲ್ಪ ಊದುವುದು ಮಾಮೂಲು, ಹಾಗಾಗಿ ಸಡಿಲ ಚಪ್ಪಲಿ ಇರಲಿ.

ಅವರಿಗೆ ವೀಲ್‌ಚೇರ್ ಕೇಳಿ. ನಾಚಿಕೆಪಡುತ್ತಾರೆ, ನಾನು ನಡೀತೀನಿ ಅಂತಾರೆ. ಕೇಳಿಸಿಕೊಳ್ಳಬೇಡಿ. ಕಡಿಮೆ ಅಂದರೆ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಬೇಕು, ಎರಡೂ ವಿಮಾನಕ್ಕೆ. ಅವರ ಭಾಷೆಯಲ್ಲಿ ಮೂರು ಬಗೆ ಇದೆ. ದೂರ ನಡೆಯಲಾರೆ, ಮೆಟ್ಟಿಲು ಹತ್ತುತ್ತೇನೆ ಅನ್ನುವವರು ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದವರು ಡಬ್ಲ್ಯುಸಿಎಚ್‌ಎಸ್. ಸೀಟಿನ ತನಕವೂ ನಡೆಯಲಾಗದವರು ಡಬ್ಲ್ಯುಸಿಎಚ್‌ಸಿ. ಮಂಡಿನೋವಿನವರಿಗೆ ಎರಡನೆಯದನ್ನು ಹೇಳಿ, ಯಾಕಂದರೆ ಕೆಲವು ನಿಲ್ದಾಣಗಳಲ್ಲಿ ವಿಮಾನವನ್ನು ದೂರ ನಿಲ್ಲಿಸಿ ಏಣಿಯಲ್ಲಿ ಇಳಿಸಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಒಂದು ಎಚ್ಚರಿಕೆ. ವೀಲ್‌ಚೇರ್‌ನವರನ್ನು ಹೆಚ್ಚಾಗಿ ಕೊನೆಯಲ್ಲಿ ಇಳಿಸುತ್ತಾರೆ, ಕೆಲವು ಕಡೆ ಬೇರೆ ದಾರಿಯಲ್ಲಿ ಒಯ್ದು ಬೇರೆ ಜಾಗದಲ್ಲಿ ಕೂರಿಸುತ್ತಾರೆ. ಹಾಗಾಗಿ ಅತ್ತೆಯ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಮಾತ್ರೆ, ಚಾರ್ಜ್ ಇರುವ ಫೋನು ಅವರ ಕೈಚೀಲದಲ್ಲೇ ಇರಬೇಕು, ನಿಮ್ಮಿಬ್ಬರಲ್ಲಿ ಒಬ್ಬರು ಅವರ ಜೊತೆಗೇ ಹೋಗಬೇಕು.

ಈಗ ಮಕ್ಕಳು. ನಿದ್ದೆ ಬರುವ ಔಷಧಿಯ ಬಗ್ಗೆ ಕೇಳಿದಿರಿ. ಬೇಡ. ಶೀತದ ಸಿರಪ್ ಕೊಟ್ಟರೆ ಮಲಗುತ್ತವೆ ಅಂತ ಹೇಳುವವರು ಬಹಳ ಜನ. ಅಂಥ ಸಿರಪ್‌ಗಳಲ್ಲಿರುವ ಅಲರ್ಜಿ ಔಷಧಿ ಕೆಲವು ಮಕ್ಕಳಿಗೆ ಉಲ್ಟಾ ಹೊಡೆಯುತ್ತದೆ, ನಿದ್ದೆ ಬರುವ ಬದಲು ಕುಣಿಯುವುದಕ್ಕೆ ಶುರು ಮಾಡುತ್ತವೆ. ಚಿಕ್ಕ ಮಗುವಿಗಂತೂ ಉಸಿರಾಟಕ್ಕೇ ಅಪಾಯ ಆಗಬಹುದು. ನಿಮ್ಮ ಮಕ್ಕಳ ಡಾಕ್ಟರ್ ಬೇರೆ ಕಾರಣಕ್ಕೆ ಕೊಟ್ಟ ಔಷಧಿ ಇದ್ದರೆ ಮಾತ್ರ ತಗೊಂಡು ಹೋಗಿ, ಅದು ಕೈಚೀಲದಲ್ಲಿ, ಚೀಟಿಯ ಜೊತೆ.

ಐದು ವರ್ಷದವನನ್ನು ನೋಡಿಕೊಳ್ಳುವುದು ಅಷ್ಟು ಕಷ್ಟವಲ್ಲ. ಸಿನಿಮಾ, ಆಟ ಎಲ್ಲವನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಎದುರಿನ ಸ್ಕ್ರೀನ್ ಕೆಟ್ಟಿರುವುದು ನಾನು ನೋಡಿದ ಮಟ್ಟಿಗೆ ಬಹಳ ಮಾಮೂಲು, ಅದೂ ಮಗು ಕೂತ ಸೀಟಿನದ್ದೇ. ತಲೆ ಮೇಲೆ ಕೂರುವ ಮಕ್ಕಳ ಹೆಡ್‌ಫೋನ್ ತಗೊಳ್ಳಿ, ವೈರ್ ಇರುವುದು. ವಿಮಾನದಲ್ಲಿ ಕೊಡುವುದು ಆ ತಲೆಗೆ ನಿಲ್ಲುವುದಿಲ್ಲ. ಸ್ಕ್ರೀನ್ ಕೊನೆಯ ಅಸ್ತ್ರ ಆಗಿರಲಿ, ಮೊದಲದ್ದಲ್ಲ. ಅದಕ್ಕೆ ಮುಂಚೆ ಸ್ಟಿಕರ್ ಪುಸ್ತಕ, ಬಣ್ಣದ ಕಾಗದದ ಟೇಪು, ಬಣ್ಣ ಪೆನ್ಸಿಲು, ಅವನು ಇನ್ನೂ ನೋಡಿರದ ಸಣ್ಣ ಆಟಿಕೆ ನಾಲ್ಕೈದು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ, ಎರಡು ಗಂಟೆಗೆ ಒಂದು. ಬಿಚ್ಚುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಉರುಳುವುದು, ಸದ್ದು ಮಾಡುವುದು, ಅಂಟು ಜೇಡಿ ಬೇಡ. ಸೀಟಿನ ಕೆಳಗೆ ಉರುಳಿದ ಸಣ್ಣ ಚಕ್ರವನ್ನು ಹುಡುಕುತ್ತಾ ಅಪ್ಪಂದಿರು ಕತ್ತಲಲ್ಲಿ ತೆವಳುವುದನ್ನು ಎಷ್ಟು ಸಲ ನೋಡಿದ್ದೇನೋ.

14 ತಿಂಗಳ ಮಗು ಕಷ್ಟ, ಇಲ್ಲ ಅನ್ನುವುದಿಲ್ಲ. ಆಗ ತಾನೇ ನಡೆಯಲು ಕಲಿತಿರುತ್ತದೆ, ಕೂರು ಅಂದರೆ ಅರ್ಥವಾಗುವುದಿಲ್ಲ. ಬೆಲ್ಟ್ ದೀಪ ಆರಿದಾಗಲೆಲ್ಲ ನಡೆಸಿ. ಊಟದ ಗಾಡಿ ಬರುವ ಮುಂಚೆ ಹಿಂದಿನ ತನಕ ಎರಡು ಸುತ್ತು. ಶೌಚಾಲಯಕ್ಕೆ ಹೋಗುವುದಿದ್ದರೂ ಆಗಲೇ, ಊಟ ಮುಗಿದ ಮೇಲೆ ಉದ್ದದ ಸಾಲು ನಿಲ್ಲುತ್ತದೆ. ಡೈಪರ್ ಹಲಗೆ ಎಲ್ಲ ಶೌಚಾಲಯದಲ್ಲೂ ಇರುವುದಿಲ್ಲ, ಎಲ್ಲಿದೆ ಅಂತ ಹತ್ತಿದ ಕೂಡಲೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ. ಮಲಗುವ ಹೊತ್ತಿಗೆ ಮನೆಯಲ್ಲಿ ಏನು ಮಾಡುತ್ತೀರೋ ಅದನ್ನೇ ಮಾಡಿ. ಮುಖ ಒರೆಸಿ, ರಾತ್ರಿ ಬಟ್ಟೆ ಹಾಕಿ, ಮನೆಯ ಹಳೆ ಹೊದಿಕೆ ಹೊದಿಸಿ. ಒಗೆಯದ ಹೊದಿಕೆ ತಗೊಂಡು ಹೋಗಿ, ಅದರ ವಾಸನೆಗೇ ಮಕ್ಕಳು ಮಲಗುತ್ತವೆ.

ಕಿವಿನೋವು ಬರುವುದು ಹೆಚ್ಚಾಗಿ ಇಳಿಯುವಾಗ. ಸಾಮಾನ್ಯವಾಗಿ ನೆಲ ಮುಟ್ಟುವ ಅರ್ಧ ಗಂಟೆ ಮುಂಚೆಯೇ ವಿಮಾನ ಕೆಳಗೆ ಬರಲು ಶುರು ಮಾಡುತ್ತದೆ. ಒಳಗಿನ ಒತ್ತಡ ಏರುತ್ತದೆ, ಕಿವಿಯನ್ನೂ ಗಂಟಲನ್ನೂ ಸೇರಿಸುವ ಸಣ್ಣ ನಾಳ ನುಂಗಿದಾಗ ತೆರೆದುಕೊಂಡು ಅದನ್ನು ಸರಿದೂಗಿಸುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಆದ್ದರಿಂದ ಕಷ್ಟವಾದರೂ ಮಗುವನ್ನು ಎಬ್ಬಿಸಿ, ಹಾಲೋ ಬಾಟಲಿಯೋ ಕೊಡಿ. ದೊಡ್ಡವನಿಗೆ ಸ್ಟ್ರಾ ಹಾಕಿದ ನೀರು. ಜೋರು ಶೀತ, ಕಿವಿ ಸೋಂಕು ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ.

ಕೈಚೀಲದ ಬಗ್ಗೆ ಎರಡೇ ಮಾತು. ಮಗುವಿಗೆ ಎರಡು ಜೊತೆ ಬಟ್ಟೆ ಎಲ್ಲರೂ ಇಟ್ಟುಕೊಳ್ಳುತ್ತಾರೆ, ನಿಮಗೆ ಒಂದು ಅಂಗಿ ಇಟ್ಟುಕೊಳ್ಳುವುದನ್ನು ಮರೆಯುತ್ತಾರೆ. ಮಗು ವಾಂತಿ ಮಾಡುವುದು ತನ್ನ ಮೇಲಲ್ಲ, ನಿಮ್ಮ ಮೇಲೆ. ಎರಡನೆಯದು ಪವರ್ ಬ್ಯಾಂಕ್. ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಕೊಡುವ ಸೂಟ್‌ಕೇಸಿನಲ್ಲಿ ಬಿಡುವುದಿಲ್ಲ. 100 ವ್ಯಾಟ್ ಅವರ್ ತನಕ, ಅಂದರೆ ಸುಮಾರು 27,000 ಎಂಎಎಚ್ ತನಕ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ 2025ರಿಂದ ಹಲವು ವಿಮಾನ ಸಂಸ್ಥೆಗಳು ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿವೆ, ಹಾಗಾಗಿ ಅದನ್ನೇ ನಂಬಬೇಡಿ, ಸೀಟಿನ ಪ್ಲಗ್‌ಗೆ ಹೊಂದುವ ಕೇಬಲ್ ಇರಲಿ. ದ್ರವಗಳಿಗೆ 100 ಎಂಎಲ್ ಮಿತಿ ಬಹಳ ಕಡೆ ಇದೆ, ಮಗುವಿನ ಹಾಲು, ಆಹಾರ, ಔಷಧಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ಕೇಳುವ ಮೊದಲೇ ಹೊರಗೆ ತೆಗೆದು ತೋರಿಸಿ. ಟ್ರಾನ್ಸಿಟ್‌ನಲ್ಲಿ ಹೆಚ್ಚಾಗಿ ಮತ್ತೆ ತಪಾಸಣೆ ಇರುತ್ತದೆ, ನೀರಿನ ಬಾಟಲಿ ಖಾಲಿ ಮಾಡಿಸುತ್ತಾರೆ.

ಈಗ ಆ 7 ಗಂಟೆ. ನಿಮ್ಮ ಪ್ರಯಾಣದಲ್ಲಿ ನನಗೆ ನಿಜವಾಗಿ ಭಯ ಇರುವುದು ಇದರದ್ದೇ. ವಿಮಾನದಲ್ಲಿ ಕೂತರೆ ಊಟ ಬರುತ್ತದೆ, ಕತ್ತಲಾಗುತ್ತದೆ, ಯಾರೂ ಎಲ್ಲೂ ಕಳೆದುಹೋಗುವುದಿಲ್ಲ. ಪರ್ತ್‌ನಿಂದ ಲಂಡನ್‌ಗೆ 2018ರಿಂದ ನಿಲ್ಲದೆ ಹಾರುವ ವಿಮಾನವಿದೆ, ಸುಮಾರು 14,500 ಕಿ.ಮೀ., 17 ಗಂಟೆ, ಅದರಲ್ಲೂ ಎಕಾನಮಿಯಲ್ಲಿ ಮಕ್ಕಳ ಜೊತೆ ಜನ ಹೋಗುತ್ತಾರೆ. (ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಅದಕ್ಕಿಂತ ಉದ್ದದ ವಿಮಾನ ಇದೆ, 18 ಗಂಟೆ ಮೀರುತ್ತದೆ, ಅದರಲ್ಲಿ ಎಕಾನಮಿಯನ್ನೇ ಇಟ್ಟಿಲ್ಲ. ಬಚಾವಾದೆವು ಅನ್ನಿ.) ಆದರೆ ರಾತ್ರಿ 1 ಗಂಟೆಗೆ ಬೆಳಗುವ ದೀಪದ ಕೆಳಗೆ, ನಡುವೆ ಕೈ ಇಡುವ ಹಿಡಿ ಇರುವ ಕುರ್ಚಿಗಳ ಮೇಲೆ, ಅರ್ಧ ನಿದ್ದೆಯ ಮಕ್ಕಳ ಜೊತೆ 7 ಗಂಟೆ ಅಂದರೆ ಊರೊಳಗಿನ ಹೋಟೆಲಿಗೆ ಕಡಿಮೆ, ಕುರ್ಚಿಗೆ ಜಾಸ್ತಿ.

ನನ್ನ ಸಲಹೆ ನೇರ. ಆಟಿಕೆಗೆ, ಒಳ್ಳೆ ಸೀಟಿಗೆ ಖರ್ಚು ಮಾಡುವ ದುಡ್ಡನ್ನು ಉಳಿಸಿ ಟ್ರಾನ್ಸಿಟ್ ಹೋಟೆಲಿಗೆ ಹಾಕಿ. ದೊಡ್ಡ ನಿಲ್ದಾಣಗಳಲ್ಲಿ ಇಮಿಗ್ರೇಷನ್ ದಾಟದೆ, ಒಳಗೇ ಇರುವ ಹೋಟೆಲುಗಳಿವೆ, ಗಂಟೆ ಲೆಕ್ಕಕ್ಕೆ ಕೋಣೆ ಕೊಡುತ್ತವೆ. ಸಿಂಗಾಪುರ, ದೋಹಾ, ದುಬೈ, ಇಸ್ತಾಂಬುಲ್ ಎಲ್ಲ ಕಡೆ ಇವೆ. ಐದು ಗಂಟೆ ಮಂಚದ ಮೇಲೆ ಕಾಲು ಚಾಚಿ ಮಲಗಿ, ಬಿಸಿ ನೀರಲ್ಲಿ ಸ್ನಾನ ಮಾಡಿ ಎದ್ದರೆ ಎರಡನೇ ವಿಮಾನ ಹೊಸ ಪ್ರಯಾಣದ ಹಾಗೆ ಅನ್ನಿಸುತ್ತದೆ. ಮೊದಲೇ ಬುಕ್ ಮಾಡಿ, ರಾತ್ರಿ ಹೊತ್ತು ತುಂಬಿರುತ್ತವೆ. ಯಾವ ಟರ್ಮಿನಲ್, ಇಮಿಗ್ರೇಷನ್‌ನ ಒಳಗೋ ಹೊರಗೋ ಅಂತ ಎರಡು ಸಲ ನೋಡಿ. ಹೊರಗಿನದನ್ನು ಬುಕ್ ಮಾಡಿ ವೀಸಾ ಇಲ್ಲದೆ ಒಳಗೆ ನಿಂತವರನ್ನು ಬಲ್ಲೆ. ಅದಕ್ಕೂ ಮುಂಚೆ ವಿಮಾನ ಸಂಸ್ಥೆಗೇ ಒಂದು ಫೋನ್ ಮಾಡಿ ಕೇಳಿ. ಎಂಟು ಗಂಟೆ ಮೀರಿದ, ಅವರದ್ದೇ ಬೇರೆ ಹತ್ತಿರದ ವಿಮಾನ ಇಲ್ಲದ ಕಾಯುವಿಕೆಗೆ ಕೆಲವು ಸಂಸ್ಥೆಗಳು ತಾವೇ ಹೋಟೆಲ್ ಕೊಡುತ್ತವೆ. ನಿಮ್ಮದು ಏಳು, ಸಿಗದಿರಬಹುದು, ಕೇಳುವುದಕ್ಕೆ ದುಡ್ಡಿಲ್ಲ.

ಕೋಣೆ ಸಿಗಲಿಲ್ಲ ಅಂದರೆ ದುಡ್ಡು ಕೊಟ್ಟು ಹೋಗುವ ಲೌಂಜ್. ಅದೂ ಇಲ್ಲ ಅಂದರೆ ನಿಶ್ಶಬ್ದದ ವಿಶ್ರಾಂತಿ ಜಾಗ ಹುಡುಕಿ, ಸಿಂಗಾಪುರದ ಚಾಂಗಿ ನಿಲ್ದಾಣದಲ್ಲಿ, ದೋಹಾದಲ್ಲಿ ಇದಕ್ಕೇ ಅಂತ ಜಾಗ ಮಾಡಿದ್ದಾರೆ. ಎಲ್ಲೂ ಇಲ್ಲದಿದ್ದರೆ ಆ ಹೊತ್ತಿನಲ್ಲಿ ವಿಮಾನ ಇಲ್ಲದ ದೂರದ ಗೇಟಿಗೆ ಹೋಗಿ. ಅಲ್ಲಿ ಘೋಷಣೆ ಕಡಿಮೆ, ಜನ ಕಡಿಮೆ. ಮೂಲೆ ಹಿಡಿದು ಮಕ್ಕಳನ್ನು ನೆಲದ ಮೇಲೆ ಹೊದಿಕೆ ಹಾಸಿ ಮಲಗಿಸಿ. ಎಸಿ ಚಳಿ ಹೊಡೆಯುತ್ತದೆ, ಜಾಕೆಟ್ ಇರಲಿ. ಇಲ್ಲಿಯೂ ಪಾಳಿಯೇ, ಮೂರು ಗಂಟೆ ಒಬ್ಬರು, ಮೂರು ಗಂಟೆ ಇನ್ನೊಬ್ಬರು. ಫೋನಿನಲ್ಲಿ ಎರಡು ಅಲಾರಂ, ಇಬ್ಬರ ಫೋನಲ್ಲೂ, ಸಮಯ ಆ ಊರಿನದ್ದೇ ಅಂತ ಖಾತ್ರಿ ಮಾಡಿಕೊಂಡು. ಪಾಸ್‌ಪೋರ್ಟ್ ಚೀಲ ಕುತ್ತಿಗೆಗೆ ಹಾಕಿಕೊಂಡು ಬಟ್ಟೆಯೊಳಗೆ ಇರಲಿ, ಎಚ್ಚರ ಇರುವವರ ಕುತ್ತಿಗೆಗೆ. ಪಾಳಿ ಬದಲಾದಾಗ ಚೀಲವೂ ಕೈ ಬದಲಾಗಬೇಕು. ನನ್ನ ಕಥೆ ಹೇಳಿದೆನಲ್ಲ.

ಮಗನ ಫೋಟೋ ಆ ದಿನದ ಬಟ್ಟೆಯಲ್ಲಿ ಒಂದು ತೆಗೆದಿಟ್ಟುಕೊಳ್ಳಿ, ನಿಮ್ಮ ಫೋನ್ ನಂಬರನ್ನು ಅವನ ಕೈ ಮೇಲೆ ಪೆನ್ನಿನಲ್ಲಿ ಬರೆಯಿರಿ. ಜನಜಂಗುಳಿಯಲ್ಲಿ ಕಳೆದುಹೋದರೆ ಯಾರ ಹತ್ತಿರ ಹೋಗಬೇಕು ಅಂತಲೂ ಹೇಳಿಕೊಡಿ.

ಊರು ನೋಡಿಕೊಂಡು ಬರೋಣ ಅಂತ ಗಂಡ ಹೇಳಬಹುದು. ಚಾಂಗಿಯಲ್ಲಿ ಐದೂವರೆ ಗಂಟೆಗಿಂತ ಹೆಚ್ಚು ಕಾಯುವವರಿಗೆ ಉಚಿತ ನಗರ ಪ್ರವಾಸವಿದೆ. ಹಗಲಿನ ಕಾಯುವಿಕೆ ಆಗಿದ್ದರೆ ನಾನೂ ಹೋಗಿ ಅನ್ನುತ್ತಿದ್ದೆ. ರಾತ್ರಿ 1ಕ್ಕೆ, ಮಂಡಿನೋವಿನ ಅತ್ತೆಯ ಜೊತೆ, ಬೇಡಪ್ಪ.

ಟಿಕೆಟ್ ಬಗ್ಗೆ ಒಂದನ್ನು ಇವತ್ತೇ ನೋಡಿ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿದೆಯಾ? ಒಂದೇ ಆಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹಾಕುವ ಜವಾಬ್ದಾರಿ ಸಂಸ್ಥೆಯದ್ದು, ಸಾಮಾನೂ ಹೆಚ್ಚಾಗಿ ನೇರ ಕೊನೆಯ ಊರಿಗೆ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಆಗಿದ್ದರೆ ಎಲ್ಲವೂ ನಿಮ್ಮ ತಲೆಗೇ. ಟ್ರಾನ್ಸಿಟ್ ವೀಸಾ ಬೇಕಾ ಅನ್ನುವುದನ್ನೂ ನೋಡಿ. ಅಮೆರಿಕದ ಮೂಲಕ ಹೋದರೆ ಸುಮ್ಮನೆ ವಿಮಾನ ಬದಲಿಸುವುದಕ್ಕೂ ಇಮಿಗ್ರೇಷನ್ ದಾಟಬೇಕು, ಅದಕ್ಕೆ ಬೇಕಾದ ವೀಸಾ ಅಥವಾ ಅನುಮತಿ ಇರಬೇಕು. ಯುರೋಪಿನ ಷೆಂಗೆನ್ ದೇಶಗಳಲ್ಲೂ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಕೆಲವು ದೇಶಗಳ ಪಾಸ್‌ಪೋರ್ಟಿಗೆ ನಿಲ್ದಾಣದೊಳಗೆ ಕೂರಲೂ ವೀಸಾ ಕೇಳುತ್ತಾರೆ. ಚೆಕ್-ಇನ್‌ನಲ್ಲಿ ಕೊಡುವ ಸೂಟ್‌ಕೇಸುಗಳಲ್ಲಿ ಎಲ್ಲರ ಬಟ್ಟೆಯನ್ನೂ ಬೆರೆಸಿ ಹಾಕಿ. ಒಂದು ಸೂಟ್‌ಕೇಸ್ ಬರಲಿಲ್ಲ ಅಂದರೆ ಒಬ್ಬರೇ ಪೂರ್ತಿ ಬಟ್ಟೆಯಿಲ್ಲದೆ ನಿಲ್ಲುವುದು ತಪ್ಪುತ್ತದೆ. ಬರಲಿಲ್ಲ ಅಂದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ನಂಬರ್ ತಗೊಳ್ಳಿ. ಬಂದು ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು ಅಂತ ವಿಮಾನ ಪ್ರಯಾಣದ ಅಂತರರಾಷ್ಟ್ರೀಯ ಒಪ್ಪಂದವಾದ ಮಾಂಟ್ರಿಯಲ್ ಒಪ್ಪಂದದಲ್ಲಿದೆ.

ತಲುಪಿದ ಮೇಲೆ ಮೊದಲ ಎರಡು ದಿನ ಏನೂ ಇಟ್ಟುಕೊಳ್ಳಬೇಡಿ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ, ಪೂರ್ವಕ್ಕೆ ಹೋದರೆ ಇನ್ನೂ ನಿಧಾನ. ಹಗಲು ಹೊರಗೆ ಬಿಸಿಲಲ್ಲಿ ಓಡಾಡಿ, ಮಕ್ಕಳು ರಾತ್ರಿ 3ಕ್ಕೆ ಎದ್ದು ಆಟ ಶುರು ಮಾಡಿದರೆ ದೀಪ ಹಾಕಬೇಡಿ. ಆ ರಾತ್ರಿಗಳಿಗೂ ಪಾಳಿ ಮುಂದುವರಿಸಿ.

ಕೊನೆಯ ಪ್ರಶ್ನೆ, ಚಾಕೊಲೇಟ್. ಬೇಡ. ಮಗು ಇರುವುದಕ್ಕೆ ಲಂಚ ಕೊಡಬೇಕಾಗಿಲ್ಲ. ನಾನು ಕೆಲಸದಲ್ಲಿದ್ದಾಗ ಮಗು ಅತ್ತಿದ್ದಕ್ಕೆ ಬಂದ ದೂರು ಕಡಿಮೆ. ಅಳುವ ಮಗುವನ್ನು ನೋಡಿಯೂ ಫೋನ್ ಒತ್ತುತ್ತಾ ಕೂತ ದೊಡ್ಡವರ ಮೇಲೆ ಬಂದದ್ದೇ ಜಾಸ್ತಿ. ಎದ್ದು ಎತ್ತಿಕೊಂಡು ನಡೆದಾಡಿದರೆ ಸಾಕು, ಜನ ಸುಮ್ಮನಾಗುತ್ತಾರೆ. ಅಳುವಿಗಿಂತ ಜನರಿಗೆ ತಡೆಯಲಾಗದ್ದು ಬೆನ್ನಿಗೆ ಒದೆಯುವುದು. ನಿಮ್ಮ ಮಗನ ಕಾಲು ಈಗ ಸರಿಯಾಗಿ ಮುಂದಿನ ಸೀಟಿಗೆ ತಾಗುವ ಉದ್ದಕ್ಕಿರುತ್ತದೆ. ಕೂತ ಕೂಡಲೇ ಶೂ ಬಿಚ್ಚಿಸಿ, ಒಂದು ಚೀಲವನ್ನೋ ಮಡಚಿದ ಕಂಬಳಿಯನ್ನೋ ಅವನ ಕಾಲ ಕೆಳಗೆ ಇಡಿ, ವಿಮಾನ ಮೇಲೇರುವಾಗ ಕೆಳಗಿಳಿಯುವಾಗ ಮಾತ್ರ ತೆಗೆಯಬೇಕು. ಕಾಲು ನೇತಾಡದಿದ್ದರೆ ಒದೆಯುವುದು ಅರ್ಧ ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಎರಡು ಮುಂದೆ, ಎರಡು ಹಿಂದೆ ಸೀಟು ತಗೊಂಡು ಅವನ ಮುಂದೆ ಅಪ್ಪನನ್ನೇ ಕೂರಿಸಿ. ಪಾಳಿ ಇಲ್ಲದ ಹೊತ್ತಿನಲ್ಲಿ ಮಾತ್ರ ಬೇಡ.